ಸುಮಾ ಹಂಚಿದ ಹಳದಿ ಕಾರ್ಡು

ಸುಮಾ ಬರುತ್ತಿದ್ದಾಳೆ ಎಂದರೆ ಅನ್ನಪೂರ್ಣೇಶ್ವರಿ ನಗರದ ಹಿಂಬದಿಯ ಆ ನಾಲ್ಕು ಅಡ್ಡರಸ್ತೆಗಳಲ್ಲಿ ಎಲ್ಲರ ಮನೆಯ ಕುಕ್ಕರೂ ಒಮ್ಮೆಗೇ ಒಲೆಯ ಮೇಲೆ ಏರಿಬಿಡುತ್ತಿತ್ತು. "ಕುಕ್ಕರ್ ಇಟ್ಟಿದೀನಿ ಆಂಟಿ, ಆಮೇಲೆ ಬನ್ನಿ," ಎಂದು ಒಳಗಿನಿಂದಲೇ ಕೂಗು. ಬೆಳಗ್ಗೆ ಹತ್ತಕ್ಕೆ ಹೋದರೂ ಕುಕ್ಕರು, ಮಧ್ಯಾಹ್ನ ಮೂರಕ್ಕೆ ಹೋದರೂ ಕುಕ್ಕರು. ಇಷ್ಟೊಂದು ಅನ್ನ ಯಾರು ಉಣ್ಣುತ್ತಾರಪ್ಪ ಎಂದು ಸುಮಾ ತನ್ನಷ್ಟಕ್ಕೆ ನಕ್ಕು ಮುಂದಿನ ಗೇಟಿನ ಚಿಲಕ ತೆಗೆಯುತ್ತಿದ್ದಳು.

ಅವಳು ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ, ಹೆಗಲಿಗೊಂದು ಚೀಲ, ಚೀಲದಲ್ಲಿ ಮನೆಮನೆಯ ಹೆಸರಿರುವ ದಪ್ಪ ಪುಸ್ತಕ, ಹಣೆಯಲ್ಲಿ ಸಾಸಿವೆಕಾಳಿನಷ್ಟು ಕಪ್ಪು ಸ್ಟಿಕ್ಕರು. ವಯಸ್ಸು ನಲವತ್ತೆಂಟು. ಗಂಡ ಗಿರಿರಾಜ್ ವಿಜಯನಗರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಎಂಟು ವರ್ಷದ ಹಿಂದೆ ಒಂದು ಭಾನುವಾರ ತಿಂಡಿ ತಿಂದು ಪೇಪರ್ ಹಿಡಿದು ಕೂತವನು ಮತ್ತೆ ಏಳಲಿಲ್ಲ. ಮಗಳು ಶುಭಾ ಜ್ಞಾನಭಾರತಿಯಲ್ಲಿ ಎಂ.ಕಾಂ. ಓದುತ್ತಿದ್ದಾಳೆ. ಅದೇ ಬಡಾವಣೆಯ ಕೊನೆಯ ಕಟ್ಟಡದ ಮೂರನೇ ಮಹಡಿಯಲ್ಲಿ ತಾಯಿ ಮಗಳ ಸಂಸಾರ.

ಈ ಕುಕ್ಕರುಗಳೆಲ್ಲ ಹೀಗೆ ಓಡಿಬಂದು ಅಡ್ಡ ನಿಲ್ಲುತ್ತಿದ್ದದ್ದು ಮುಖ್ಯವಾಗಿ ಒಂದು ವಿಷಯಕ್ಕೆ. ವರ್ಷಕ್ಕೊಮ್ಮೆ ಆರೋಗ್ಯ ಕೇಂದ್ರದಲ್ಲಿ ನಲವತ್ತು ದಾಟಿದ ಹೆಂಗಸರಿಗೆ ಎದೆಯ ಗಂಟಿನ ಪರೀಕ್ಷೆ ನಡೆಯುತ್ತಿತ್ತು. ಡಾಕ್ಟರಮ್ಮ ಪರದೆಯ ಹಿಂದೆ ಕರೆದು ಕೈಯಿಂದ ಮುಟ್ಟಿ ನೋಡುವುದು, ಅಷ್ಟೆ. ಹತ್ತು ನಿಮಿಷ, ನೋವಿಲ್ಲ, ಖರ್ಚಿಲ್ಲ. ಆದರೆ ಕ್ಯಾನ್ಸರ್ ಎಂಬ ಮಾತು ಬಾಗಿಲಿಗೆ ಬಂದರೆ ಯಾರು ತಾನೇ ಬಾಗಿಲು ತೆಗೆದಾರು? ಹಿಂದಿನ ವರ್ಷ ಪಟ್ಟಿಯಲ್ಲಿದ್ದ ಇನ್ನೂರ ಹನ್ನೆರಡು ಹೆಂಗಸರಲ್ಲಿ ಬಂದವರು ಹದಿನಾಲ್ಕು. ಅವರಲ್ಲಿ ಮೂವರು ಬಿ.ಪಿ. ನೋಡಿಸಲು ಬಂದು ಸಾಲು ತಪ್ಪಿ ನಿಂತವರು.

ನಗುವ ಮಾತಲ್ಲ. ಮೂರನೇ ಕ್ರಾಸಿನಲ್ಲಿ ಒಬ್ಬರು ಟೀಚರ್ ಇದ್ದರು. ಎರಡು ವರ್ಷ ಕುಕ್ಕರಿನ ನೆಪ ಹೇಳಿದರು. ಮೂರನೆಯ ವರ್ಷ ಗೊತ್ತಾಗುವ ಹೊತ್ತಿಗೆ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ಆ ಗೇಟಿನ ಮುಂದೆ ಹಾದುಹೋಗುವಾಗಲೆಲ್ಲ ಸುಮಾಳಿಗೆ ಅದೇ ಪ್ರಶ್ನೆ ಏಳುತ್ತಿತ್ತು. ಇನ್ನೊಂದು ಸಲ ಬಾಗಿಲು ಬಡಿದಿದ್ದರೆ? ಬೈಸಿಕೊಂಡಾದರೂ ಬಡಿದಿದ್ದರೆ?

ಹೀಗಿರುವಾಗ ಆಷಾಢದಲ್ಲಿ ಮಾಲವಿಕಾ ಬಂದಳು. ಇಪ್ಪತ್ತೆಂಟರ ಹುಡುಗಿ, ರಾಜಾಜಿನಗರದವಳು, ಸರ್ಕಾರದ ಯಾವುದೋ ಹೊಸ ಯೋಜನೆಯ ಕಡೆಯಿಂದ ಬಂದ ಆಫೀಸರು. ಜನ ಏಕೆ ಹೀಗೆ ನಡೆದುಕೊಳ್ಳುತ್ತಾರೆ ಎಂಬುದನ್ನೇ ಕಾಲೇಜಿನಲ್ಲಿ ಓದಿದ್ದಳಂತೆ. ಅಂಥದ್ದನ್ನೂ ಓದಿಸುತ್ತಾರೆಯೇ ಎಂದು ಸುಮಾಳಿಗೆ ಆಶ್ಚರ್ಯ. ಆದರೆ ಹುಡುಗಿಗೆ ಗರ್ವ ಇರಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿಟ್ಟು, ಸ್ಟೂಲು ಎಳೆದುಕೊಂಡು ಸುಮಾಳ ಎದುರಿಗೇ ಕೂತಳು.

"ಭಾಷಣ ಮಾಡಿದ್ರೆ ಯಾರೂ ಬರಲ್ಲ ಸುಮಕ್ಕ. ಬಲವಂತ ಮಾಡೋ ಹಾಗೂ ಇಲ್ಲ, ಮಾಡಲೂ ಬಾರ್ದು. ನಡ್ಜ್ ಅಂತಾರೆ ಇದಕ್ಕೆ. ಪಕ್ಕದಲ್ಲಿ ಕೂತೋರು ಮೊಣಕೈಯಲ್ಲಿ ಮೆಲ್ಲಗೆ ತಿವೀತಾರಲ್ಲ, ಹಾಗೆ. ಹೋಗೋದು ಬಿಡೋದು ಅವರ ಕೈಲೇ ಇರುತ್ತೆ. ಈಗ ನೀವ್ ಹೇಳಿ, ಈ ಹೆಂಗಸ್ರನ್ನ ಯಾವುದಕ್ಕೆ ಕರೆದ್ರೆ ಇಲ್ಲ ಅನ್ನಲ್ಲ?"

ಸುಮಾ ಯೋಚಿಸಲೂ ಇಲ್ಲ. "ಅರಿಶಿನ ಕುಂಕುಮಕ್ಕೆ ಕರೆದ್ರೆ ಇಲ್ಲ ಅನ್ನಲ್ಲ ಮೇಡಂ. ಕುಕ್ಕರ್ ಆಫ್ ಮಾಡಿ ಎಲ್ಲರೂ ಬರ್ತಾರೆ."

ಮಾಲವಿಕಾಳ ಕಣ್ಣು ಅರಳಿತು. ಮಾತು ಸರಿಯೂ ಆಗಿತ್ತು. ಶ್ರಾವಣದಲ್ಲಿ ಯಾರಾದರೂ ಬಾಗಿಲಿಗೆ ಬಂದು ಅರಿಶಿನ ಕುಂಕುಮಕ್ಕೆ ಬನ್ನಿ ಎಂದರೆ ಮುಗಿಯಿತು. ಜಗಳ ಆಡಿದವರ ಮನೆಗೂ ಹೋಗಬೇಕು, ಮಂಡಿ ನೋವಿದ್ದರೂ ಮೆಟ್ಟಿಲು ಹತ್ತಬೇಕು. ಹೋಗದಿದ್ದರೆ ಲಕ್ಷ್ಮಿಯನ್ನೇ ಬೇಡ ಎಂದ ಹಾಗೆ. ಎರಡೇ ವಾರದಲ್ಲಿ ಕಾರ್ಡು ಅಚ್ಚಾಗಿ ಬಂತು. ಅರಿಶಿನದ ಬಣ್ಣ, ಅಂಚಿಗೆ ಮಾವಿನೆಲೆಯ ಸಾಲು, ಮೂಲೆಗೆ ಪಿನ್ ಹೊಡೆದ ಚಿಟಿಕೆ ಕುಂಕುಮದ ಪೊಟ್ಟಣ. ಮೇಲೆ ದೊಡ್ಡದಾಗಿ 'ಶ್ರಾವಣ ಮಂಗಳವಾರದ ಅರಿಶಿನ ಕುಂಕುಮಕ್ಕೆ ದಯಮಾಡಿಸಿ'. ಕೆಳಗೆ ಕೈಯಿಂದ ಬರೆದ ಹೆಸರು, ಬರಬೇಕಾದ ಹೊತ್ತು. ಅದಕ್ಕೂ ಕೆಳಗೆ, ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುವಷ್ಟು ಸಣ್ಣ ಅಕ್ಷರದಲ್ಲಿ 'ಆರೋಗ್ಯ ತಪಾಸಣೆ ಇರುತ್ತದೆ'.

"ಮೋಸ ಅಲ್ವಾ ಮೇಡಂ ಇದು?" ಎಂದು ಸುಮಾ ಕೇಳಿದಳು.

"ಬರೆದಿದೀವಲ್ಲ ಸುಮಕ್ಕ, ಮುಚ್ಚಿಟ್ಟಿಲ್ಲ. ಅರಿಶಿನ ಕುಂಕುಮಾನೂ ನಿಜವಾಗ್ಲೂ ಕೊಡ್ತೀವಿ. ಬೇಡ ಅಂದೋರು ತಗೊಂಡು ಹಾಗೇ ಹೋಗ್ಬಹುದು." ಮಾಲವಿಕಾ ಸ್ವಲ್ಪ ತಡೆದು, "ಆ ಟೀಚರ್‌ಗೆ ಇಂಥ ಕಾರ್ಡ್ ಹೋಗಿದ್ರೆ ಬರ್ತಿದ್ರು ಅಲ್ವಾ?" ಎಂದಳು. ಸುಮಾ ಕಾರ್ಡುಗಳ ಕಟ್ಟನ್ನು ತನ್ನ ಕಡೆಗೆ ಎಳೆದುಕೊಂಡಳು.

ಬೇರೆ ಧರ್ಮದವರ ವಿಷಯವನ್ನೂ ಹುಡುಗಿ ಯೋಚಿಸಿದ್ದಳು. ಪಟ್ಟಿಯಲ್ಲಿದ್ದ ಹನ್ನೊಂದು ಮುಸ್ಲಿಂ, ಕ್ರೈಸ್ತ ಹೆಂಗಸರಿಗೆ ಬೇರೆ ಬಿಳಿ ಕಾರ್ಡು, ಅದರಲ್ಲಿ ಹೆಸರು, ಹೊತ್ತು, ಪರೀಕ್ಷೆಯ ವಿಷಯ ಮಾತ್ರ. ಮಿಕ್ಕ ಇನ್ನೂರ ಒಂದು ಹಳದಿ ಕಾರ್ಡಿಗೆ ಹೆಸರು ಬರೆಯುವ ಕೆಲಸ ಸುಮಾಳದು. ಅಕ್ಷರ ದುಂಡಗಿವೆ ಎಂದು ಅವಳಿಗೇ ಕೊಟ್ಟರು. ಬರೆಯುತ್ತಾ ಬರೆಯುತ್ತಾ ಕೆಲವು ಹೆಸರುಗಳ ಹತ್ತಿರ ಪೆನ್ನು ಒಂದು ಗಳಿಗೆ ನಿಂತಿತು. ನಿಂತು, ಮುಂದೆ ಹೋಯಿತು.

ಆ ಒಂದು ಗಳಿಗೆಯ ವಿಷಯ ಇಲ್ಲಿ ಹೇಳಲೇಬೇಕು. ಗಿರಿರಾಜ್ ಹೋದ ಮೇಲೆ ಸುಮಾಳಿಗೆ ಕುಂಕುಮದ ಕರೆ ಬರುವುದು ನಿಂತಿತ್ತು. ಯಾರೂ ಕೆಟ್ಟದಾಗಿ ನಡೆದುಕೊಳ್ಳಲಿಲ್ಲ. ಸುಮ್ಮನೆ ಅವಳ ಬಾಗಿಲು ದಾಟಿ ಪಕ್ಕದ ಬಾಗಿಲಿಗೆ ಹೋಗುತ್ತಿದ್ದರು, ಅಷ್ಟೆ. ಬಾಪೂಜಿ ನಗರದ ತವರಿನಲ್ಲಿ ವರಮಹಾಲಕ್ಷ್ಮಿ ಹಬ್ಬದ ದಿನ ಅತ್ತಿಗೆ, "ನೀವು ಅಡುಗೆಮನೆ ನೋಡ್ಕೊಂಬಿಡಿ ಸುಮಾ, ನಿಮ್ ಕೈರುಚಿ ಯಾರಿಗೂ ಬರಲ್ಲ," ಎಂದು ಹೊಗಳಿ ಒಳಗೆ ಕಳಿಸುತ್ತಿದ್ದಳು. ಮೊದಲ ವರ್ಷ ಒಗ್ಗರಣೆಯ ಘಾಟಿನ ನೆಪದಲ್ಲಿ ಅತ್ತಳು. ಮೂರನೆಯ ವರ್ಷಕ್ಕೆ ಕರೆಯುವ ಮೊದಲೇ ತಾನಾಗಿ ಅಡುಗೆಮನೆಗೆ ಹೋದಳು. ತನ್ನನ್ನು ಲೆಕ್ಕದಿಂದ ಬಿಟ್ಟುಕೊಳ್ಳುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, 'ಎಲ್ಲರೂ ಬರುತ್ತಾರೆ' ಎಂದು ಮಾಲವಿಕಾಳಿಗೆ ಹೇಳಿದಾಗ ಆ ಎಲ್ಲರಲ್ಲಿ ತಾನಿಲ್ಲ ಎಂಬುದು ಅವಳಿಗೆ ಹೊಳೆಯಲೇ ಇಲ್ಲ.

ಹಂಚಲು ಹೋದಾಗ ಹೊಳೆಯಿತು. ಒಂದು ಮನೆಯಾಕೆ ಕಾರ್ಡು ನೋಡಿ, ಇವಳ ಹಣೆ ನೋಡಿ, "ಬೇರೆ ಯಾರನ್ನಾದ್ರೂ ಕಳಿಸ್ಬಹುದಿತ್ತು," ಎಂದರು. ಕಾರ್ಡನ್ನು ಕೈಗೆ ತೆಗೆದುಕೊಳ್ಳದೆ ಟೀಪಾಯಿ ಮೇಲೆ ಇಡಲು ಹೇಳಿದರು. ಸುಮಾ ಇಟ್ಟು ಬಂದಳು. ಹೊರಗೆ ಬಂದು ಗೇಟನ್ನು ಧಡಾರನೆ ಹಾಕಿದಳು. ಸಿಟ್ಟೋ ದುಃಖವೋ ಅವಳಿಗೇ ತಿಳಿಯಲಿಲ್ಲ.

ಎರಡನೇ ಕ್ರಾಸಿನ ಶಾಂತವ್ವನ ಮನೆಯಲ್ಲಿ ಇನ್ನೊಂದು ಥರ. ಶಾಂತವ್ವ ಗದಗಿನ ಕಡೆಯವರು, ಅರವತ್ತೊಂದು ವರ್ಷ. ಗಂಡ ಸಿದ್ದಬಸಪ್ಪನವರು ತೀರಿಕೊಂಡು ಐದು ವರ್ಷ. ಮಗ ಬಸವಕಿರಣ್, ಸೊಸೆ ಸೌಮ್ಯಶ್ರೀಯ ಜೊತೆ ಇಲ್ಲಿದ್ದಾರೆ. ಹಣೆಯ ತುಂಬ ವಿಭೂತಿ, ಬೀದಿಯ ತುಂಬ ಕೇಳುವ ದನಿ. ಸುಮಾ ಹೋದ ದಿನ ಅವರು ಒಳಗೆ ಶೇಂಗಾ ಚಟ್ನಿಪುಡಿ ಕುಟ್ಟುತ್ತಿದ್ದರು. ಕಾರ್ಡಿನ ಮೇಲೆ ಇದ್ದದ್ದು ಶಾಂತವ್ವನ ಹೆಸರೇ. ಆದರೂ ಅದನ್ನು ಅವರ ಕೈಗೆ ಕೊಡಲು ಸುಮಾಳಿಗೆ ಧೈರ್ಯ ಬರಲಿಲ್ಲ. ಬಾಗಿಲಲ್ಲೇ ಸೌಮ್ಯಶ್ರೀಯ ಕೈಗಿಟ್ಟು ಬಂದುಬಿಟ್ಟಳು.

ಮಂಗಳವಾರ ಆರೋಗ್ಯ ಕೇಂದ್ರದ ಮುಂದೆ ರೇಷ್ಮೆ ಸೀರೆಗಳ ಸಾಲು! ಕೆಲವರು ಮಲ್ಲಿಗೆ ಮುಡಿದು ಬಂದಿದ್ದರು. ಕೌಂಟರಿನಲ್ಲಿದ್ದ ಯೋಗಾನಂದ, ಹುಟ್ಟಿದಾಗಿನಿಂದ ಸಿಡುಕು ಮುಖದವನು, ಅವತ್ತು ಶರ್ಟ್ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ. ಹೆಂಗಸರು ಹರಟುತ್ತಾ ಒಬ್ಬರ ಹಿಂದೆ ಒಬ್ಬರು ಪರದೆಯ ಹಿಂದೆ ಹೋಗಿ ಬಂದರು. "ಇಷ್ಟೇನಾ? ಇದಕ್ಕಾ ನಾನು ಮೂರು ವರ್ಷ ಹೆದರಿದ್ದು?" ಎಂದು ಒಬ್ಬರು ಗಟ್ಟಿಯಾಗಿಯೇ ಹೇಳಿ ಎಲ್ಲರನ್ನೂ ನಗಿಸಿದರು. ಸಂಜೆಗೆ ನೂರ ಎಪ್ಪತ್ತೆರಡು ಮಂದಿ. ಐವರಿಗೆ ಮುಂದಿನ ಪರೀಕ್ಷೆ ಬೇಕೆಂದು ಡಾಕ್ಟರಮ್ಮ ಚೀಟಿ ಬರೆದರು. ಮೇಲಿನಿಂದ ಫೋನಿನ ಮೇಲೆ ಫೋನು. ಇದೇ ಕಾರ್ಡನ್ನು ಊರೆಲ್ಲ ಹಂಚಿಸೋಣ, ಶುಕ್ರವಾರದೊಳಗೆ ವರದಿ ಕಳಿಸಿ ಎಂದರು. ಮಾಲವಿಕಾ ಸುಮಾಳ ಎರಡೂ ಕೈ ಹಿಡಿದುಕೊಂಡು, "ಎಲ್ಲಾ ನಿಮ್ಮಿಂದ ಸುಮಕ್ಕ," ಎಂದಳು.

ಮರುದಿನ ಬೆಳಗ್ಗೆ ಸುಮಾ ಬಾರದವರ ಪಟ್ಟಿ ಮಾಡಲು ಕೂತಳು. ನಲವತ್ತು ಹೆಸರು. ಊರಿಗೆ ಹೋದವರು, ಮನೆ ಬದಲಾಯಿಸಿದವರು, ಏನು ಮಾಡಿದರೂ ಬಾರದವರು ಸೇರಿ ಒಂಬತ್ತು. ಮಿಕ್ಕ ಮೂವತ್ತೊಂದನ್ನು ಓದುತ್ತಾ ಹೋದಳು. ನಾಲ್ಕನೇ ಹೆಸರಿಗೆ ಹಿಂದಿನ ಮೂರನ್ನು ಮತ್ತೆ ಓದಿದಳು. ಹತ್ತನೆಯದಕ್ಕೆ ಪುಸ್ತಕ ಮುಚ್ಚಿಟ್ಟಳು. ಮೂವತ್ತೊಂದು ಮಂದಿಯೂ ಗಂಡನನ್ನು ಕಳೆದುಕೊಂಡವರು. ಪೆನ್ನು ನಿಂತು ಮುಂದೆ ಹೋಗಿದ್ದ ಹೆಸರುಗಳೇ ಅವು.

ಮಾಲವಿಕಾ ಮಹಡಿಯ ಕೋಣೆಯಲ್ಲಿ ವರದಿ ಬರೆಯುತ್ತಿದ್ದಳು. ಸುಮಾ ಪಟ್ಟಿಯನ್ನು ಅವಳ ಮುಂದಿಟ್ಟು ವಿಷಯ ಹೇಳಿದಳು. ಹುಡುಗಿಯ ಮುಖ ಬಿಳುಚಿತು. ಪಟ್ಟಿಯನ್ನು ಇನ್ನೊಮ್ಮೆ ಓದಿ, "ನನಗೆ ಗೊತ್ತಿರ್ಲಿಲ್ಲ ಸುಮಕ್ಕ," ಎಂದಳು.

"ನನಗೆ ಗೊತ್ತಿತ್ತು ಮೇಡಂ."

ಓದಿಕೊಂಡ ಹುಡುಗಿಯ ತಲೆಗೆ ತಪ್ಪನ್ನು ಕಟ್ಟಿ ಪಾರಾಗುವುದು ಸುಲಭವಿತ್ತು. ಸುಮಾ ಪಾರಾಗಲಿಲ್ಲ. "ಆ ಕಾರ್ಡು ಬಾ ಅನ್ನೋದನ್ನ ಎಷ್ಟು ಚೆನ್ನಾಗಿ ಹೇಳ್ತೋ, ನೀನು ಬರಬೇಡ ಅನ್ನೋದನ್ನೂ ಅಷ್ಟೇ ಚೆನ್ನಾಗಿ ಹೇಳಿದೆ ಮೇಡಂ. ಯಾರೂ ಜಗಳ ಮಾಡ್ಲಿಲ್ಲ, ಯಾಕೆ ಅಂತ ಕೇಳ್ಲಿಲ್ಲ. ನನಗಲ್ಲ ಅಂದ್ಕೊಂಡು ಸುಮ್ನಾದ್ರು. ಇನ್ನು ಊರೆಲ್ಲ ಹಂಚಿದ್ರೆ ಇನ್ನೆಷ್ಟು ಜನ ಸುಮ್ನಾಗ್ತಾರೋ."

ಮಾಲವಿಕಾ ಆ ಪಟ್ಟಿಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಇನ್ನೊಂದು ಪಟ್ಟಿ ತೆಗೆದಳು, ಬಿಳಿ ಕಾರ್ಡಿನದು. ಹನ್ನೊಂದರಲ್ಲಿ ಒಂಬತ್ತು ಮಂದಿ ಬಂದಿದ್ದರು. ಕುಂಕುಮವಿಲ್ಲ, ಮಾವಿನೆಲೆಯಿಲ್ಲ. ನಿಮ್ಮ ಹೆಸರು ಇದು, ನಿಮ್ಮ ಹೊತ್ತು ಇದು, ಪರೀಕ್ಷೆ ಇಂಥದ್ದು ಎಂದಷ್ಟೇ ಇತ್ತು. ಹನ್ನೊಂದು ಜನರಿಂದ ಏನೂ ಗಟ್ಟಿಯಾಗಿ ಹೇಳಲಾಗದು ಎಂದು ಅವಳಿಗೂ ಗೊತ್ತಿತ್ತು. "ಆದ್ರೂ ಇಷ್ಟೇ ಸಾಕಿತ್ತೋ ಏನೋ. ನಾವೇ ಜಾಸ್ತಿ ಬುದ್ಧಿ ಓಡಿಸಿದ್ವಿ," ಎಂದು, ಅರ್ಧ ಬರೆದ ವರದಿಯನ್ನು ಅಳಿಸಿ ಮೊದಲಿನಿಂದ ಶುರುಮಾಡಿದಳು. ಹೊಗಳಿಕೆ ಕೈಗೆ ಬಂದಿರುವಾಗ ಹೀಗೆ ಮಾಡುವ ಆಫೀಸರನ್ನು ಸುಮಾ ತನ್ನ ಕೆಲಸದಲ್ಲಿ ಅದುವರೆಗೆ ನೋಡಿರಲಿಲ್ಲ. ಮೇಲಿನವರು ಗೊಣಗಿದರು, ಇಷ್ಟು ಚೆನ್ನಾಗಿರುವುದನ್ನು ಯಾಕಮ್ಮ ಕೆಡಿಸುತ್ತೀಯ ಎಂದರು. ಆದರೆ ಹಳದಿ ಕಾರ್ಡು ಮತ್ತೆ ಅಚ್ಚಾಗಲಿಲ್ಲ.

ಮುಂದಿನ ಮಂಗಳವಾರ ಇನ್ನೊಮ್ಮೆ ಪರೀಕ್ಷೆ ನಡೆಸಲು ಡಾಕ್ಟರಮ್ಮನನ್ನು ಒಪ್ಪಿಸಿ, ಸುಮಾ ಮೂವತ್ತೊಂದು ಬಿಳಿ ಕಾರ್ಡು ಬರೆದುಕೊಂಡು ಹೊರಟಳು. ಈ ಸಲ ಕಾರ್ಡು ಕೈಗೇ ಕೊಟ್ಟಳು, ಮುಖ ನೋಡಿಯೇ ಹೇಳಿದಳು. "ಹೋದ ಸಲ ಕಾರ್ಡಲ್ಲಿ ತಪ್ಪಾಯ್ತಮ್ಮ, ಕ್ಷಮಿಸಿ. ಇದು ಎದೆಯಲ್ಲಿ ಗಂಟಿದೆಯಾ ಅಂತ ನೋಡೋ ಪರೀಕ್ಷೆ. ಹತ್ತು ನಿಮಿಷ. ಬರೋದು ಬಿಡೋದು ನಿಮ್ಮಿಷ್ಟ." ಒಬ್ಬರು ಕಣ್ಣು ಒರೆಸಿಕೊಂಡರು. ಒಬ್ಬರು, ನನಗೆ ಬದುಕೋ ಆಸೆ ಏನಿದೆ ಹೋಗಮ್ಮ ಎಂದರು. ಅಂಥವರ ಹತ್ತಿರ ಸುಮಾ ಹೊಸಿಲ ಮೇಲೆ ಕೂತು ಅರ್ಧ ಗಂಟೆ ಬೇರೆ ಮಾತಾಡಿ ಎದ್ದಳು.

ಶಾಂತವ್ವನ ಮನೆಗೆ ಕೊನೆಗೆ ಹೋದಳು. ಅಲ್ಲಿಗೆ ಹೋಗಲು ಮುಖವಿರಲಿಲ್ಲ.

"ಒಳಗ ಬಾರವಾ. ಹೊರಗ ನಿಂತು ಓಡಿ ಹೋಗೂದು ಚಂದಲ್ಲ," ಎಂದು ಶಾಂತವ್ವ ಮೊದಲೇ ಚುಚ್ಚಿದರು. ಚಹಾ ಮುಂದಿಟ್ಟು, "ಆ ಚೀಟಿ ನೋಡಿದ್ನಿ. ಕುಂಕುಮ ಇತ್ತು, ನನ್ನ ಹೆಸರೂ ಇತ್ತು. ಯಾರೋ ಗೊತ್ತಿಲ್ಲದ ಬರದಾರ ಅಂತ ಸೊಸಿಗೇ ವಾಪಸ್ ಕೊಟ್ನಿ. ಅಕ್ಷರ ನಿಂದಾ?" ಎಂದರು.

"ನಂದೇ ಅಮ್ಮ."

"ಗೊತ್ತಿದ್ದೂ ಬರದಿ?"

"ಗೊತ್ತಿದ್ದೂ ಬರೆದೆ. ನನ್ನದೇ ತಪ್ಪು." ಸುಮಾ ಬಿಳಿ ಕಾರ್ಡನ್ನು ಮುಂದಿಟ್ಟು, ಎಲ್ಲ ಮನೆಯಲ್ಲಿ ಹೇಳಿದ್ದನ್ನೇ ಹೇಳಿದಳು. ಶಾಂತವ್ವ ಕಾರ್ಡನ್ನು ದೂರ ಹಿಡಿದು ಓದಿದರು, ಮಡಚಿದರು. ಆಮೇಲೆ ಸುಮಾಳನ್ನು ಕಾಲಿನಿಂದ ತಲೆಯವರೆಗೆ ನೋಡಿದರು.

"ನಿನ್ನ ವಯಸ್ಸೆಷ್ಟವಾ?"

"ನಲವತ್ತೆಂಟು."

"ನೀ ತೋರಿಸಿಕೊಂಡಿಯೇನು?"

ಸುಮಾ ಇಲ್ಲವೆಂದು ತಲೆಯಾಡಿಸಿದಳು. ಇನ್ನೂರ ಹನ್ನೆರಡು ಹೆಸರಿನ ಪುಸ್ತಕ ಹೊತ್ತು ಆರು ವರ್ಷ ತಿರುಗಿದ್ದಳು. ಆ ಪುಸ್ತಕದಲ್ಲಿ ಅವಳ ಹೆಸರಿರಲಿಲ್ಲ. ಯಾರೂ ಬರೆದಿರಲಿಲ್ಲ, ಅವಳೂ ಬರೆದುಕೊಂಡಿರಲಿಲ್ಲ.

"ಇಲ್ಲಂದ್ರ ಮತ್ತ! ಊರಿಗೆಲ್ಲಾ ಉಪದೇಶ ಮಾಡ್ಕೋಂತ ಅಡ್ಡಾಡ್ತಿ. ನೀ ಬಂದ್ರ ನಾ ಬರ್ತೀನಿ. ನೀ ಬರ್ಲಿಲ್ಲಂದ್ರ ಈ ಚೀಟಿ ವಾಪಸ್ ತಗೊಂಡು ಹೋಗು." ಓದು ಬರಹದ ಯಾವ ತರಬೇತಿಯೂ ಇಲ್ಲದೆ ಆ ಮುದುಕಿ ಮೊಣಕೈಯಲ್ಲಿ ತಿವಿದ ರೀತಿ ಅದು. ಮೆಲ್ಲಗಂತೂ ಇರಲಿಲ್ಲ.

ಮಂಗಳವಾರ ಇಬ್ಬರೂ ಹೋದರು. ಮೊದಲು ಶಾಂತವ್ವ ಪರದೆಯ ಹಿಂದೆ ಹೋಗಿ, ಡಾಕ್ಟರಮ್ಮನಿಗೆ ತವರಿನ ಸಮಾಚಾರವನ್ನೆಲ್ಲ ಹೇಳಿ, ಏನೂ ಇಲ್ಲ ಎನ್ನಿಸಿಕೊಂಡು ಬಂದರು. ಆಮೇಲೆ ಸುಮಾ ಹೋದಳು. ಡಾಕ್ಟರಮ್ಮನ ಬೆರಳು ಎಡಗಡೆ, ಕಂಕುಳಿನ ಹತ್ತಿರ ಒಂದು ಕಡೆ ನಿಂತಿತು. ಮುಂದೆ ಹೋಗಲಿಲ್ಲ. ಮತ್ತೆ ಅಲ್ಲಿಗೇ ಬಂತು. "ಸುಮಾ, ಇದು ಯಾವಾಗಿಂದ ಇದೆ?"

ಅವಳಿಗೆ ಗೊತ್ತೇ ಇರಲಿಲ್ಲ. ಕಡಲೆಕಾಳಿನಷ್ಟಿತ್ತು, ನೋವಿರಲಿಲ್ಲ. ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಶಾಂತವ್ವ ಪಕ್ಕದಲ್ಲಿ ಕೂತು ಅವಳ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಯೋಗಾನಂದ ಎರಡು ಲೋಟ ನೀರು ತಂದಿಟ್ಟು, ಸಿಡುಕು ಮುಖದಲ್ಲೇ ಆ ಕಡೆ ತಿರುಗಿ ನಿಂತ.

ಮುಂದಿನದು ದೊಡ್ಡಾಸ್ಪತ್ರೆಯ ಮಾತು. ಸೂಜಿ ಪರೀಕ್ಷೆ, ಆಪರೇಷನ್ನು, ಆಮೇಲೆ ನಾಲ್ಕು ವಾರ ಕರೆಂಟು, ಅಂದರೆ ರೇಡಿಯೇಷನ್, ಕೊಡಿಸುವುದು. ಬೇಗ ಸಿಕ್ಕಿದ್ದರಿಂದ ಗಂಟನ್ನಷ್ಟೇ ತೆಗೆದರು. ಇನ್ನೊಂದು ವರ್ಷ ಬಿಟ್ಟಿದ್ದರೆ ಮಾತೇ ಬೇರೆ ಎಂದು ಅಲ್ಲಿಯ ಡಾಕ್ಟರು ಶುಭಾಳಿಗೆ ಹೇಳಿದರು. ಆ ಮಾತು ಕೇಳಿದ ಸಂಜೆ ಮಗಳು ಸುಮಾಳ ಮಡಿಲಲ್ಲಿ ತಲೆಯಿಟ್ಟು ಅತ್ತದ್ದು ಸುಮಾಳಿಗೆ ಮರೆಯುವುದಿಲ್ಲ. ಎದ್ದವಳೇ ಶಾಂತವ್ವನ ಮನೆಗೆ ಹೋಗಿ ಅವರ ಕಾಲು ಮುಟ್ಟಿ ಬಂದಳಂತೆ. ಸೌಮ್ಯಶ್ರೀ ನಾಲ್ಕು ವಾರವೂ ಬೆಳಗಿನ ಡಬ್ಬಿ ಕಳಿಸಿದಳು. ಮಾಲವಿಕಾ ಎರಡು ಶನಿವಾರ ತಾನೇ ಕಾರು ಓಡಿಸಿಕೊಂಡು ಬಂದು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಟೀಪಾಯಿ ಮೇಲೆ ಕಾರ್ಡು ಇಡಿಸಿದ ಆ ಮನೆಯಾಕೆಯೂ ಒಂದು ದಿನ ಮೂರು ಮಹಡಿ ಹತ್ತಿ ಬಂದು, ಎಳನೀರನ್ನು ಸುಮಾಳ ಕೈಗೇ ಕೊಟ್ಟು ಹೋದರು.

ಆ ದಿನಗಳಲ್ಲಿ ಸುಮಾ ಯಾರ್ಯಾರಿಗೆ ಕೈ ಮುಗಿಯಬೇಕೆಂದು ಮಲಗಿದಲ್ಲೇ ಎಣಿಸುತ್ತಿದ್ದಳು. ಶಾಂತವ್ವನಿಗೆ, ಮಾಲವಿಕಾಳಿಗೆ, ಡಾಕ್ಟರಮ್ಮನ ಬೆರಳಿಗೆ. ಕೊನೆಗೆ ಹಳದಿ ಕಾರ್ಡೂ ನೆನಪಾಗುತ್ತಿತ್ತು. ಅದು ತಪ್ಪೇ. ಅದರಿಂದ ನೂರಾರು ಜನ ಬಂದದ್ದೂ ನಿಜ, ಮೂವತ್ತೊಂದು ಜನ ಇನ್ನೊಮ್ಮೆ ಹೊರಗೆ ನಿಂತದ್ದೂ ನಿಜ. ಆದರೆ ಆ ತಪ್ಪು ತಿದ್ದಲು ಹೋಗದಿದ್ದರೆ ತಾನು ಶಾಂತವ್ವನ ಎದುರು ಕೂರುತ್ತಿರಲಿಲ್ಲವಲ್ಲ ಎಂದುಕೊಳ್ಳುತ್ತಿದ್ದಳು.

ಈ ವರ್ಷದ ಶ್ರಾವಣದಲ್ಲಿ ಬಡಾವಣೆಗೆಲ್ಲ ಬಿಳಿ ಕಾರ್ಡು. ದೊಡ್ಡ ಅಕ್ಷರದಲ್ಲಿ ಪರೀಕ್ಷೆಯ ಹೆಸರು, ಕೆಳಗೆ ಬರುವವರ ಹೆಸರು, ಹೊತ್ತು, ಕೊನೆಗೆ 'ಬರುವುದು ಬಿಡುವುದು ನಿಮ್ಮ ಇಷ್ಟ'. ಆ ಸಾಲನ್ನೂ ದೊಡ್ಡದಾಗಿಯೇ ಹಾಕಬೇಕೆಂದು ಮಾಲವಿಕಾ ಹಟ ಹಿಡಿದು ಹಾಕಿಸಿದ್ದಳು. ಸುಮಾ ಮತ್ತೆ ಕೆಲಸಕ್ಕೆ ಬಂದಿದ್ದಳು, ಆದರೆ ಎಡಗೈಯಲ್ಲಿ ಭಾರ ಹೊರುವ ಹಾಗಿರಲಿಲ್ಲ. ಚೀಲ ಹೊರಲು ಶಾಂತವ್ವ ತಾವಾಗಿಯೇ ಜೊತೆಗೆ ಬರುತ್ತಿದ್ದರು. ಅವರ ದನಿ ಕೇಳಿದರೆ ಬೀದಿಯ ಕುಕ್ಕರುಗಳು ತಾವಾಗಿ ಆರಿಹೋಗುತ್ತಿದ್ದವು.

ಪರೀಕ್ಷೆಯ ಹಿಂದಿನ ದಿನ ಸುಮಾಳ ಬಾಗಿಲು ಯಾರೋ ಬಡಿದರು. ನೋಡಿದರೆ ಶಾಂತವ್ವ, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಾ, ಕೈಯಲ್ಲೊಂದು ಬಿಳಿ ಕಾರ್ಡು. ಹೆಸರಿನ ಜಾಗದಲ್ಲಿ ಅಂಕುಡೊಂಕು ಅಕ್ಷರದಲ್ಲಿ 'ಸುಮಾ ಗಿರಿರಾಜ್' ಎಂದಿತ್ತು. ಎಂಟು ಒಂಬತ್ತು ವರ್ಷದಲ್ಲಿ ಹೆಸರು ಬರೆದು, ಬಾಗಿಲಿಗೇ ಬಂದು ಅವಳನ್ನು ಯಾರಾದರೂ ಕರೆದದ್ದು ಅದೇ ಮೊದಲು. ಸುಮಾಳಿಗೆ ಕಣ್ಣು ತುಂಬಿತು. ಅದನ್ನು ಮರೆಮಾಚಲು ಕಾರ್ಡಿನ ಕೊನೆಯ ಸಾಲನ್ನು ಬೆರಳಿಟ್ಟು ತೋರಿಸಿ, "ನೋಡಿ ಅಮ್ಮ, ಬರೋದು ಬಿಡೋದು ನನ್ನಿಷ್ಟ ಅಂತ ಬರೆದಿದಾರೆ," ಎಂದು ನಕ್ಕಳು.

"ಅದು ಸರ್ಕಾರದವ್ರು ಬರದದ್ದು. ಅವ್ರು ಹಂಗ ಬರೀಬೇಕು," ಎಂದು ಶಾಂತವ್ವ ಮೆಟ್ಟಿಲ ಮೇಲೆಯೇ ಕೂತು ಬೆವರು ಒರೆಸಿಕೊಂಡರು. "ಕರೀಲಿಕ್ಕೆ ಬಂದಾಕಿ ನಾನು. ನಾಳೆ ಹತ್ತೂವರಿಗೆ ತಯಾರಾಗಿರು. ಈಗ ಒಂದು ಲೋಟ ನೀರು ಕೊಡು."